‘ಇಲ್ಲ’ ಅಂತ ಹಾಕು ಎಂದವಳು ನಾನು

ಟೆಕ್ಸಸ್‌ನಲ್ಲಿ ನರ್ಸ್ ಆಗಿ ದುಡಿಯಬೇಕೆಂದರೆ ಆಸ್ಟಿನ್‌ನಲ್ಲಿರುವ ನರ್ಸಿಂಗ್ ಬೋರ್ಡಿನಿಂದ ಲೈಸೆನ್ಸ್ ಪಡೆಯಬೇಕು. ಆ ಅರ್ಜಿಯಲ್ಲಿ ಒಂದು ಉದ್ದದ ಪ್ರಶ್ನೆ ಬರುತ್ತದೆ. ಯಾವುದಾದರೂ ಅಪರಾಧಕ್ಕೆ ನಿಮಗೆ ಶಿಕ್ಷೆಯಾಗಿದೆಯೇ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿದ್ದೀರಾ, ತಪ್ಪು ಒಪ್ಪದಿದ್ದರೂ ಆರೋಪವನ್ನು ವಿರೋಧಿಸುವುದಿಲ್ಲವೆಂದು ಹೇಳಿದ್ದೀರಾ, ಕೋರ್ಟು ತೀರ್ಪನ್ನು ತಡೆಹಿಡಿದು ಷರತ್ತಿನ ಮೇಲೆ ಬಿಟ್ಟಿದೆಯೇ, ಪ್ರೊಬೇಷನ್‌ನಲ್ಲಿ ಇದ್ದಿರಾ, ಜೈಲಿನಲ್ಲಿ ಇದ್ದಿರಾ, ಬಂಧನವಾಗಿ ಇನ್ನೂ ಇತ್ಯರ್ಥವಾಗದ ಆರೋಪವೇನಾದರೂ ಇದೆಯೇ ಎಂದು ಒಂದೊಂದೇ ಸಾಲಿನಲ್ಲಿ ಕೇಳುತ್ತಾ ಹೋಗುತ್ತಾರೆ. ಅತ್ಯಂತ ಕೆಳಗಿನ, ಅಂದರೆ ಕ್ಲಾಸ್ ಸಿ ಮಟ್ಟದ ಸಂಚಾರ ನಿಯಮದ ಉಲ್ಲಂಘನೆಯನ್ನು ಹೇಳದೆ ಬಿಡಬಹುದು. ಸಿಗ್ನಲ್ ದಾಟಿ ದಂಡ ಕಟ್ಟಿದಂಥದ್ದು.

ಈ ಪ್ರಶ್ನೆಯ ಮೊದಲ ಸಾಲನ್ನಷ್ಟೇ ಓದಿ, ನನ್ನನ್ನು ನಂಬಿ ಬಂದ ಹುಡುಗಿಯೊಬ್ಬಳಿಗೆ ‘ಇಲ್ಲ’ ಅಂತ ಹಾಕು ಎಂದು ಹೇಳಿದವಳು ನಾನು. ಅದರಿಂದ ಅವಳಿಗೆ ಏನಾಯಿತು, ಆಮೇಲೆ ನಾನು ಹೇಗೆ ನಡೆದುಕೊಂಡೆ ಎನ್ನುವುದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಸೌದಿಯಲ್ಲಿ ದುಡಿದು, ಆಮೇಲೆ ಹ್ಯೂಸ್ಟನ್‌ಗೆ ಬಂದು ನೆಲೆಸಿದೆ. ಇಲ್ಲಿಗೆ ಬರುವ ಕನ್ನಡದ ನರ್ಸುಗಳು, ಗಂಡನ ಕೆಲಸದ ನಿಮಿತ್ತ ಬಂದು ಮನೆಯಲ್ಲೇ ಕುಳಿತ ಬಿ.ಎಸ್ಸಿ. ನರ್ಸಿಂಗ್ ಹುಡುಗಿಯರು ನನ್ನ ನಂಬರ್ ಹುಡುಕಿಕೊಂಡು ಫೋನ್ ಮಾಡುತ್ತಾರೆ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಿಂದ ವೆರಿಫಿಕೇಷನ್ ಕಳಿಸುವುದು ಹೇಗೆ, ಅಂಕಪಟ್ಟಿಗಳ ಮೌಲ್ಯಮಾಪನಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್‌ಗೆ ಏನು ಓದಬೇಕು, ಇಲ್ಲಿನ ನರ್ಸಿಂಗ್ ಕಾನೂನಿನ ಪರೀಕ್ಷೆ ಯಾವಾಗ ಬರೆಯಬೇಕು, ಎಲ್ಲ ನನಗೆ ಗೊತ್ತು. ಗೊತ್ತಿರುವುದನ್ನು ಹೇಳಿ ಹೇಳಿ, ಗೊತ್ತಿಲ್ಲದ್ದನ್ನೂ ಅದೇ ದನಿಯಲ್ಲಿ ಹೇಳುವ ಅಭ್ಯಾಸ ಬಂದುಬಿಟ್ಟಿತ್ತು. ಕೇಳಿದವರಿಗೆ ಎರಡರ ವ್ಯತ್ಯಾಸ ಹೇಗೆ ತಿಳಿಯಬೇಕು?

ಆ ಹುಡುಗಿ ಹಾಸನದ ಕಡೆಯವಳು. ಗಂಡನದು ಕೆಲಸದ ವೀಸಾ ಎಚ್-1, ಇವಳದು ಅವಲಂಬಿತರ ವೀಸಾ ಎಚ್-4. ಮನೆಯಲ್ಲಿ ಕೂತು ಬೇಸತ್ತಿದ್ದವಳಿಗೆ ಕೊನೆಗೂ ಕೆಲಸದ ಪರವಾನಗಿ, ಅಂದರೆ ಇಎಡಿ, ಸಿಕ್ಕಿತ್ತು. ಅದಕ್ಕೂ ಮೊದಲು, ಬಂದ ಹೊಸತರಲ್ಲಿ, ಒಂದು ದೊಡ್ಡ ಅಂಗಡಿಯ ಸೆಲ್ಫ್ ಚೆಕ್‌ಔಟ್‌ನಲ್ಲಿ ಕೆಲವು ಸಾಮಾನು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿಕೊಂಡಿದ್ದಳು. ಮಗುವಿನ ಫ್ರಾಕುಗಳು, ಒಂದು ಮೇಕಪ್ ಪೆಟ್ಟಿಗೆ, ಇನ್ನೇನೋ ಸಣ್ಣಪುಟ್ಟದ್ದು. ಬಾಗಿಲಲ್ಲಿ ತಡೆದರು, ಪೊಲೀಸರು ಬಂದರು. ಬೆಲೆ ಕೂಡಿಸಿದರೆ ನೂರು ಡಾಲರ್ ದಾಟಿತ್ತು. ಟೆಕ್ಸಸ್‌ನಲ್ಲಿ ನೂರರ ಒಳಗಿನ ಕಳವು ಕ್ಲಾಸ್ ಸಿ, ಹೆಚ್ಚೆಂದರೆ ದಂಡ. ನೂರರಿಂದ 750 ಡಾಲರ್ ಒಳಗಿನದ್ದು ಕ್ಲಾಸ್ ಬಿ ಮಿಸ್‌ಡಿಮೀನರ್, ಅಂದರೆ ಲಘು ಅಪರಾಧ. ಅದಕ್ಕೆ 180 ದಿನದವರೆಗೆ ಜೈಲು, 2000 ಡಾಲರ್‌ವರೆಗೆ ದಂಡ ವಿಧಿಸಬಹುದು. ಬೆರಳಚ್ಚು ತೆಗೆದುಕೊಂಡು, ಫೋಟೊ ಹಿಡಿದು, ಆಮೇಲೆ ಬಿಟ್ಟರು.

ಕೌಂಟಿ ಕೋರ್ಟಿನಲ್ಲಿ ವಕೀಲರು ಸಲಹೆ ಕೊಟ್ಟದ್ದು ಡಿಫರ್ಡ್ ಅಡ್ಜುಡಿಕೇಶನ್‌ಗೆ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾರೆ, ಆದರೆ ನ್ಯಾಯಾಧೀಶರು ಆಗಲೇ ಅಪರಾಧಿ ಎಂದು ತೀರ್ಪು ಕೊಡುವುದಿಲ್ಲ. ಇಷ್ಟು ತಿಂಗಳು ನಿಗಾದಲ್ಲಿರಬೇಕು, ತರಗತಿಗೆ ಹೋಗಬೇಕು, ಶುಲ್ಕ ಕಟ್ಟಬೇಕು, ಮತ್ತೆ ಏನೂ ಮಾಡಿಕೊಳ್ಳಬಾರದು. ಎಲ್ಲವೂ ಸರಿಯಾಗಿ ಮುಗಿದರೆ ಕೇಸು ವಜಾ. ಅವಳು ಎಲ್ಲವನ್ನೂ ಮುಗಿಸಿದಳು. ಕೇಸು ವಜಾ ಆಯಿತು. ‘ಕನ್ವಿಕ್ಷನ್ ಇಲ್ಲ, ಇನ್ನು ನಿಶ್ಚಿಂತೆಯಿಂದಿರಿ’ ಎಂದು ವಕೀಲರು ಹೇಳಿದರು. ಟೆಕ್ಸಸ್‌ನ ಸಾಮಾನ್ಯ ಕಾನೂನಿನ ಲೆಕ್ಕದಲ್ಲಿ ಆ ಮಾತು ಸುಳ್ಳಲ್ಲ.

ಅರ್ಜಿ ತುಂಬಲು ಅವಳು ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ ಸಂಜೆ. ಊಟದ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್, ಪಕ್ಕದಲ್ಲಿ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಟ್ಟ ಅಂಕಪಟ್ಟಿಗಳು. ನಾನು ಒಲೆಯ ಮುಂದೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಪ್ರಶ್ನೆ ಬಂದಾಗ ಅವಳ ಕೈ ನಿಂತಿತು.

“ಅಕ್ಕಾ, ಇಲ್ಲಿ ಕೇಸಿನ ವಿಷಯ ಕೇಳ್ತಿದಾರೆ. ಏನ್ ಹಾಕ್ಲಿ?”

ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ‘ಕನ್ವಿಕ್ಟೆಡ್’ ಎಂಬ ಪದ ಕಣ್ಣಿಗೆ ಬಿತ್ತು. ಅದರ ಕೆಳಗಿನ ಸಾಲುಗಳನ್ನು ಓದಲಿಲ್ಲ.

“ನಿಂಗೆ ಕನ್ವಿಕ್ಷನ್ ಆಗಿಲ್ವಲ್ಲ. ಕೇಸು ವಜಾ ಆಗಿದೆ. ‘ಇಲ್ಲ’ ಅಂತ ಹಾಕು.”

“ಮುಂದೆ ಗೊತ್ತಾದ್ರೆ?”

“ಮುಗಿದ ಕೇಸನ್ನ ಯಾರ್ ಕೆದಕ್ತಾರೆ? ನೀನಾಗೇ ಯಾಕೆ ಮೈಮೇಲೆ ಎಳ್ಕೊಳ್ತೀಯ?”

ಅವಳು ‘ಇಲ್ಲ’ ಒತ್ತಿದಳು.

ಔಷಧಿ ಕೊಡುವಾಗ ಲೇಬಲನ್ನು ಮೂರು ಸಲ ಓದಬೇಕು ಎಂದು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಡಬ್ಬಿ ತೆಗೆಯುವಾಗ, ಅಳೆಯುವಾಗ, ಡಬ್ಬಿಯನ್ನು ವಾಪಸ್ ಇಡುವಾಗ. ನನ್ನ ಕೈಕೆಳಗೆ ಕಲಿತ ಹುಡುಗಿಯರು ಒಂದು ಸಲ ಓದಿ ಮುಂದೆ ಹೋದರೆ ನಾನು ಬಿಡುತ್ತಿರಲಿಲ್ಲ. ಒಬ್ಬಳ ಇಡೀ ಬದುಕಿನ ದುಡಿಮೆಯನ್ನು ನಿರ್ಧರಿಸುವ ಪ್ರಶ್ನೆಯನ್ನು ನಾನು ಒಂದು ಸಲವೂ ಪೂರ್ತಿ ಓದಲಿಲ್ಲ.

ಓದದೇ ಇದ್ದದ್ದಕ್ಕೆ ಅವಸರ ಕಾರಣವಲ್ಲ, ನಾಚಿಕೆ ಕಾರಣ ಎಂದು ಈಗ ಅನ್ನಿಸುತ್ತದೆ. ಅವಳ ಕೇಸಿನ ವಿಷಯ ನಮ್ಮ ಬಳಗದಲ್ಲಿ ನಾಲ್ಕು ಜನರಿಗೆ ಗೊತ್ತಿತ್ತು. ನಮ್ಮವಳೊಬ್ಬಳು ಅಂಗಡಿಯಲ್ಲಿ ಕದ್ದಳು ಎನ್ನುವುದನ್ನು ಬರಹದಲ್ಲಿ, ಸರ್ಕಾರಿ ಕಾಗದದ ಮೇಲೆ ನೋಡಲು ನನಗೆ ಇಷ್ಟವಿರಲಿಲ್ಲ. ‘ಸ್ಕ್ಯಾನ್ ಆಗಿಲ್ಲ ಅಂತ ಗೊತ್ತಾಗಿಲ್ಲ ಪಾಪ’ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವಳು ಹಾಗೆಂದು ನನಗೆ ಯಾವತ್ತೂ ಹೇಳಿರಲಿಲ್ಲ.

ಅರ್ಜಿ ಹೋದ ಮೇಲೆ ಎಲ್ಲರಂತೆ ಅವಳೂ ಫಿಂಗರ್‌ಪ್ರಿಂಟ್ ಕೊಟ್ಟು ಬಂದಳು. ಆ ಬೆರಳಚ್ಚು ಟೆಕ್ಸಸ್‌ನ ಸಾರ್ವಜನಿಕ ಸುರಕ್ಷತಾ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ಬಂಧನವಾದ ದಿನ ತೆಗೆದುಕೊಂಡ ಬೆರಳಚ್ಚು ಅಲ್ಲೇ ಇರುತ್ತದೆ. ಕೇಸು ವಜಾ ಆದ ಮಾತ್ರಕ್ಕೆ ದಾಖಲೆ ಅಳಿದುಹೋಗುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಡಿಫರ್ಡ್ ಮುಗಿಸಿದವರಿಗೆ ಹೆಚ್ಚೆಂದರೆ ಸಿಗುವುದು ದಾಖಲೆಯನ್ನು ಜನರ ಕಣ್ಣಿಂದ ಮರೆಮಾಡುವ ಆದೇಶ. ಬಾಡಿಗೆ ಮನೆಯ ಮಾಲೀಕರಿಗೆ, ಅಂಗಡಿಯ ಕೆಲಸ ಕೊಡುವವರಿಗೆ ಅದು ಕಾಣುವುದಿಲ್ಲ. ಲೈಸೆನ್ಸ್ ಕೊಡುವ ಕೆಲವು ಸಂಸ್ಥೆಗಳಿಗೆ ಕಾಣುತ್ತದೆ, ನರ್ಸಿಂಗ್ ಬೋರ್ಡ್ ಅವುಗಳಲ್ಲಿ ಒಂದು. ದಾಖಲೆಯನ್ನು ಪೂರ್ತಿ ಅಳಿಸಿಹಾಕುವ ಆದೇಶ ಬೇರೆಯೇ ಇದೆ. ಖುಲಾಸೆಯಾದವರಿಗೆ ಅದು ಸಿಗಬಹುದು. ತಪ್ಪೊಪ್ಪಿಕೊಂಡು ನಿಗಾದಲ್ಲಿದ್ದು ಬಂದವರಿಗೆ, ಕ್ಲಾಸ್ ಸಿ ಬಿಟ್ಟರೆ, ಅದು ಸಿಗುವುದಿಲ್ಲ. ಟೆಕ್ಸಸ್‌ನ ನರ್ಸಿಂಗ್ ಕಾಯ್ದೆಯಂತೂ ಬೋರ್ಡ್ ಕ್ರಮ ಕೈಗೊಳ್ಳಬಹುದಾದ ಕಾರಣಗಳ ಪಟ್ಟಿಯಲ್ಲಿ ಶಿಕ್ಷೆಯ ಜೊತೆಗೇ ಡಿಫರ್ಡ್ ಅಡ್ಜುಡಿಕೇಶನ್ನನ್ನೂ ಹೆಸರಿಸಿದೆ. ನಾನು ಬಗ್ಗಿ ನೋಡಿದ ಪುಟದಲ್ಲೇ, ನನ್ನ ಕಣ್ಣು ನಿಂತ ಸಾಲಿನಿಂದ ಕೆಲವೇ ಸಾಲು ಕೆಳಗೆ ಅದು ಅಚ್ಚಾಗಿತ್ತು.

ಬೋರ್ಡಿನ ಪತ್ರ ಬಂತು. ಕೋರ್ಟಿನ ದೃಢೀಕೃತ ಪ್ರತಿಗಳು ಬೇಕು, ನಡೆದದ್ದರ ಬಗ್ಗೆ ನಿಮ್ಮ ಮಾತಿನಲ್ಲಿ ವಿವರಣೆ ಬೇಕು, ಅರ್ಜಿಯಲ್ಲಿ ಇದನ್ನು ಏಕೆ ತಿಳಿಸಲಿಲ್ಲ ಎಂಬುದಕ್ಕೂ ಉತ್ತರ ಬೇಕು ಎಂದಿತ್ತು. ದನಿ ಒರಟಾಗಿರಲಿಲ್ಲ. ಆದರೆ ಅವಳು ಮಾಡಿದ್ದ ಕಳವಿನ ಪಕ್ಕದಲ್ಲಿ ಈಗ ಇನ್ನೊಂದು ಪ್ರಶ್ನೆ ಬಂದು ನಿಂತಿತ್ತು. ಲೈಸೆನ್ಸ್ ಪಡೆಯಲು ವಂಚನೆ ಮಾಡುವುದು, ಮಾಡಲು ಯತ್ನಿಸುವುದು ಆ ಕಾಯ್ದೆಯಲ್ಲಿ ಪ್ರತ್ಯೇಕ ಕಾರಣ.

ಮೊದಲೇ ಹೇಳಿದ್ದಿದ್ದರೆ ಏನಾಗುತ್ತಿತ್ತು? ಆಮೇಲೆ ಟೆಕ್ಸಸ್‌ನ ಕಾನೂನನ್ನು ಕೂತು ಓದಿದೆ. ಅಪರಾಧ ಎಷ್ಟು ಗಂಭೀರ, ನರ್ಸಿನ ಕೆಲಸಕ್ಕೂ ಅದಕ್ಕೂ ಏನು ಸಂಬಂಧ, ಆಗ ವಯಸ್ಸೆಷ್ಟು, ಎಷ್ಟು ಕಾಲ ಕಳೆದಿದೆ, ಹಿಂದೆ ಮುಂದೆ ಬೇರೇನಾದರೂ ಇದೆಯೇ, ಕೋರ್ಟಿನ ಷರತ್ತು ಪಾಲಿಸಿದ್ದಾರೆಯೇ, ಆಮೇಲಿನ ನಡತೆ ಹೇಗಿದೆ, ಇವರ ಪರವಾಗಿ ಯಾರು ಪತ್ರ ಬರೆದಿದ್ದಾರೆ ಎಂಬುದನ್ನೆಲ್ಲ ತೂಗಿ ನೋಡಬೇಕು ಎಂದಿದೆ. ಒಂದೇ ಕೇಸು, ಕ್ಲಾಸ್ ಬಿ, ಎಲ್ಲ ಷರತ್ತೂ ಮುಗಿದಿದೆ, ಮತ್ತೇನೂ ಇಲ್ಲ. ಬಾಗಿಲು ಮುಚ್ಚುವಂಥ ಕೇಸು ಅದಾಗಿರಲಿಲ್ಲ. ಮುಚ್ಚುವ ಅಪರಾಧಗಳು ಬೇರೆ ಇವೆ. ಕೊಲೆ, ಅಪಹರಣ, ಲೈಂಗಿಕ ದೌರ್ಜನ್ಯ, ಮಕ್ಕಳಿಗೋ ವೃದ್ಧರಿಗೋ ಹಾನಿ ಮಾಡಿದ್ದು, ಇಂಥವನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಆ ಪಟ್ಟಿಯ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಪ್ರೊಬೇಷನ್ನೋ ಪೆರೋಲೋ ಮುಗಿದು ಐದು ವರ್ಷವಾಗುವ ತನಕ ಲೈಸೆನ್ಸ್ ಕೇಳುವ ಅರ್ಹತೆಯೇ ಇಲ್ಲ. ಹಲವು ರಾಜ್ಯಗಳಲ್ಲಿ ಒಂದೇ ಲೈಸೆನ್ಸ್ ಮೇಲೆ ಕೆಲಸ ಮಾಡಲು ಬಿಡುವ ಒಪ್ಪಂದವೊಂದಿದೆ, ಅದರ ಹೊಸ ರೂಪ 2018ರ ಜನವರಿಯಲ್ಲಿ ಜಾರಿಗೆ ಬಂತು, ಟೆಕ್ಸಸ್ ಅದರಲ್ಲಿದೆ. ಫೆಲೊನಿಯ, ಅಂದರೆ ಗಂಭೀರ ಅಪರಾಧದ, ಶಿಕ್ಷೆ ಇರುವವರಿಗೆ ಆ ಬಹುರಾಜ್ಯ ಲೈಸೆನ್ಸ್ ಇಲ್ಲ. ಕುಡಿದು ಗಾಡಿ ಓಡಿಸಿದ ಮೊದಲ ಕೇಸು ಸಾಮಾನ್ಯವಾಗಿ ಇಲ್ಲಿ ಕ್ಲಾಸ್ ಬಿ. ಅಂಥದ್ದು ಬಂದಾಗ ಬೋರ್ಡ್ ಅಷ್ಟಕ್ಕೇ ನಿಲ್ಲದೆ, ಕುಡಿತದ ಚಟವೇನಾದರೂ ಇದೆಯೇ ಎಂದೂ ನೋಡುತ್ತದೆ. ಚಟವಿದ್ದರೆ ಚಿಕಿತ್ಸೆ ಪಡೆದು, ನಿಗಾದಲ್ಲಿದ್ದು ಕೆಲಸಕ್ಕೆ ಮರಳುವ ದಾರಿಯೂ ಈ ರಾಜ್ಯದಲ್ಲಿ ನರ್ಸುಗಳಿಗಿದೆ. ಒಪ್ಪಿಕೊಂಡವರಿಗೆ ಹೀಗೆ ಸಾಕಷ್ಟು ದಾರಿಗಳಿದ್ದವು. ನಾನು ಅವಳನ್ನು ಆ ದಾರಿಗಳಿಂದ ಆಚೆ ತಳ್ಳಿದೆ.

ಪತ್ರ ಬಂದ ರಾತ್ರಿ ಅವಳು ಫೋನ್ ಮಾಡಿ ಬಹಳ ಹೊತ್ತು ಅತ್ತಳು. ನಾನು ಸಮಾಧಾನ ಮಾಡಿದೆ. ವಿವರಣೆಯ ಪತ್ರವನ್ನು ಒಟ್ಟಿಗೆ ಕೂತು ಬರೆಯೋಣ ಎಂದೆ. ಬರೆಯಲು ಕುಳಿತಾಗ ಅವಳು ಕೇಳಿದಳು:

“ಅಕ್ಕಾ, ಯಾಕೆ ಹೇಳ್ಲಿಲ್ಲ ಅಂತ ಕೇಳಿದಾರಲ್ಲ. ಒಬ್ಬರು ಸೀನಿಯರ್ ನರ್ಸ್ ಹೀಗೆ ಹಾಕು ಅಂತ ಹೇಳಿದ್ರು ಅಂತ ಬರೀಲಾ?”

ನನ್ನ ಲೈಸೆನ್ಸ್ ರಿನ್ಯೂವಲ್ ಹತ್ತಿರವಿತ್ತು. ಟೆಕ್ಸಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ಕ್ಷಣ ನನಗೆ ನೆನಪಾದದ್ದು ಅವಳ ಮುಖವಲ್ಲ, ನನ್ನ ಲೈಸೆನ್ಸ್.

“ನನ್ನ ಹೆಸರು ತಂದ್ರೆ ನಿಂಗೇನು ಲಾಭ? ಇನ್ನೊಬ್ಬರ ಮೇಲೆ ಹಾಕ್ತಿದಾಳೆ ಅಂದ್ಕೊಳ್ತಾರೆ. ಪ್ರಶ್ನೆ ಸರಿಯಾಗಿ ಅರ್ಥ ಆಗಲಿಲ್ಲ ಅಂತ ಬರಿ, ಸಾಕು.”

ಅವಳು ನನ್ನನ್ನು ಒಂದು ಸಲ ನೋಡಿ, ಹಾಗೇ ಬರೆದಳು. ಎರಡನೆಯ ಸಲವೂ ನನ್ನ ಮಾತನ್ನೇ ಕೇಳಿದಳು. ಮೊದಲನೆಯದು ತಿಳಿಯದೆ ಆದದ್ದು ಎಂದು ನಾನು ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಆ ಮಾತು ಹೇಳಲಾರೆ. ಆ ಹೊತ್ತಿಗೆ ನಾನು ಪ್ರಶ್ನೆಯನ್ನು ಪೂರ್ತಿ ಓದಿದ್ದೆ, ತಪ್ಪು ಯಾರದ್ದೆಂದು ನನಗೆ ಚೆನ್ನಾಗಿ ತಿಳಿದಿತ್ತು.

ತಿಂಗಳುಗಳು ಕಳೆದವು. ಒಂದು ಆಸ್ಪತ್ರೆಯವರು ಅವಳಿಗೆ ಕೆಲಸ ಕೊಡಲು ಒಪ್ಪಿದ್ದರು. ಲೈಸೆನ್ಸ್ ಬರುವುದು ತಡವಾಗಿ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಕೊನೆಗೆ ಲೈಸೆನ್ಸ್ ಬಂತು, ಆದರೆ ಜೊತೆಗೊಂದು ಆದೇಶವೂ ಬಂತು. ದಂಡ ಕಟ್ಟಬೇಕು, ನರ್ಸಿಂಗ್ ಕಾನೂನು ಮತ್ತು ನೀತಿಯ ಕೋರ್ಸ್ ಮುಗಿಸಬೇಕು. ಮಾಡಿ ಮುಗಿಸಿದಳು. ಆದರೆ ಇಂಥ ಆದೇಶ ಸಾರ್ವಜನಿಕ. ಅಮೆರಿಕದ ನರ್ಸುಗಳ ಲೈಸೆನ್ಸ್ ತೋರಿಸುವ ನರ್ಸಿಸ್ ಎಂಬ ದತ್ತಸಂಚಯದಲ್ಲಿ ಯಾರು ಹೆಸರು ಹಾಕಿ ಹುಡುಕಿದರೂ ಈ ಲೈಸೆನ್ಸಿನ ಮೇಲೆ ಕ್ರಮವಾಗಿದೆ ಎಂಬುದು ಕಾಣುತ್ತದೆ. ಕಳವಿನ ದಾಖಲೆಯನ್ನು ಜನರ ಕಣ್ಣಿಂದ ಮರೆಮಾಡಲು ಕೋರ್ಟಿನಲ್ಲಿ ದಾರಿಯಿತ್ತು, ಈ ಆದೇಶಕ್ಕೆ ಅಂಥ ದಾರಿಯಿಲ್ಲ. ಪ್ರತಿ ಹೊಸ ಕೆಲಸದ ಸಂದರ್ಶನದಲ್ಲೂ ಅವಳು ಅದನ್ನು ತಾನೇ ಎತ್ತಿ ವಿವರಿಸಬೇಕು.

ಆದೇಶ ಬಂದ ಮೇಲೆ, ಲೈಸೆನ್ಸ್ ಕೇಸುಗಳನ್ನೇ ನಡೆಸುವ ವಕೀಲರೊಬ್ಬರನ್ನು ಅವಳ ಜೊತೆ ಹೋಗಿ ಕಂಡೆ. ಅವರು ಕಡತ ನೋಡಿ, ಇಂಥ ಸಲಹೆ ಯಾರಾದರೂ ಕೊಟ್ಟಿದ್ದರೇ ಎಂದು ಕೇಳಿದರು. ನಾನು, ನಾನೇ ಎಂದೆ. ಆಗಲೇ ನೀವು ಒಂದು ಪತ್ರ ಕೊಟ್ಟಿದ್ದರೆ, ಇದು ಮೋಸ ಮಾಡುವ ಉದ್ದೇಶವಲ್ಲ, ಹಿರಿಯರ ತಪ್ಪು ಸಲಹೆ ನಂಬಿ ಆದದ್ದು ಎಂದು ವಾದಿಸಲು ಆಧಾರವಿರುತ್ತಿತ್ತು ಎಂದು ಅವರು ಹೇಳಿದರು. ಇನ್ನೇನೂ ಹೇಳಲಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಅವಳೂ ಮಾತಾಡಲಿಲ್ಲ. ನಾನು ಆ ವಾರವೇ ಬೋರ್ಡಿಗೆ ಪತ್ರ ಬರೆದೆ, ನಡೆದದ್ದನ್ನೆಲ್ಲ ಹೇಳಿದೆ. ಅವಳ ಕಡತ ಆಗಲೇ ಮುಗಿದಿತ್ತು.

ಈ ಎಲ್ಲದರ ನಡುವೆ ನನ್ನೊಳಗೆ ಒಂದು ಸಿಟ್ಟೂ ಇತ್ತು. ಮೇಕಪ್ ಪೆಟ್ಟಿಗೆಗೂ ನರ್ಸಿಂಗ್‌ಗೂ ಏನು ಸಂಬಂಧ? ಇಂಜೆಕ್ಷನ್ ಚೆನ್ನಾಗಿ ಕೊಡುತ್ತಾಳೋ ಇಲ್ಲವೋ ನೋಡಲಿ ಎನ್ನಿಸುತ್ತಿತ್ತು. ಆ ಸಿಟ್ಟು ಇಳಿದದ್ದು ವಾರ್ಡಿನಲ್ಲೇ. ಒಂದು ರಾತ್ರಿ ಪಾಳಿಯಲ್ಲಿ ತುರ್ತಾಗಿ ಆಪರೇಷನ್‌ಗೆ ಹೋಗಬೇಕಿದ್ದ ಅಜ್ಜಿಯೊಬ್ಬರು ಬೆರಳಲ್ಲಿದ್ದ ಉಂಗುರ ತೆಗೆಯಲು ಪರದಾಡುತ್ತಿದ್ದರು. ಊದಿದ ಬೆರಳು. ನಾನು ಜೆಲ್ ಹಚ್ಚಿ ನಿಧಾನಕ್ಕೆ ಜಾರಿಸಿ ತೆಗೆದೆ. ಲಕೋಟೆಗೆ ಹಾಕಿ, ಹೆಸರು ಬರೆದು, ಸಹಿ ಮಾಡಿಸಿಕೊಳ್ಳಲು ಕೊಟ್ಟರೆ ಕನ್ನಡಕವಿಲ್ಲದೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ‘ನೀನು ಬರೆದದ್ದೇ ಸರಿ ಮಗಳೇ’ ಎಂಬರ್ಥದ ಮಾತಾಡಿ ಗೀಚಿದರು. ಮಕ್ಕಳು ಇನ್ನೂ ಬಂದಿರಲಿಲ್ಲ. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರ ಚಿನ್ನ, ಅವರ ಪರ್ಸು, ಇನ್ನು ಸ್ವಲ್ಪ ಹೊತ್ತಿನಲ್ಲಿ ಅರಿವೇ ತಪ್ಪಲಿರುವ ಅವರ ದೇಹ, ಎಲ್ಲ ನನ್ನ ಕೈಯಲ್ಲಿತ್ತು. ನೋವಿನ ಮಾತ್ರೆಗಳ ಕಪಾಟಿನ ಪಾಸ್‌ವರ್ಡ್ ಕೂಡ ನಮ್ಮ ಕೈಯಲ್ಲೇ ಇರುತ್ತದೆ. ಕಳವಿನ ಕೇಸನ್ನು ಬೋರ್ಡ್ ಕೇಳುವುದು ಸರಿ. ಕೇಳಲೇಬೇಕು.

ಕೇಳದೆ, ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಈ ದೇಶ ಚಾರ್ಲ್ಸ್ ಕಲೆನ್ ಎಂಬ ನರ್ಸಿನಿಂದ ಕಲಿಯಿತು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳ ಆಸ್ಪತ್ರೆಗಳಲ್ಲಿ 2003ರ ಡಿಸೆಂಬರ್‌ನಲ್ಲಿ ಬಂಧನವಾಗುವ ತನಕ ಅವನು ರೋಗಿಗಳನ್ನು ಔಷಧಿಯಿಂದಲೇ ಕೊಂದ. ಒಂದು ಕಡೆ ಅನುಮಾನ ಬಂದರೆ ಇನ್ನೊಂದು ಕಡೆ ಕೆಲಸ ಸಿಗುತ್ತಿತ್ತು, ಹಿಂದಿನವರು ಮುಂದಿನವರಿಗೆ ತಮ್ಮ ಅನುಮಾನವನ್ನು ಹೇಳುತ್ತಿರಲಿಲ್ಲ. ಆ ಪ್ರಕರಣದ ನಂತರವೇ 2005ರಲ್ಲಿ ನ್ಯೂಜೆರ್ಸಿ, ಆರೋಗ್ಯ ಸಿಬ್ಬಂದಿಯ ಬಗ್ಗೆ ಆಸ್ಪತ್ರೆಗಳು ಇಂಥ ವಿಷಯಗಳನ್ನು ವರದಿ ಮಾಡಲೇಬೇಕೆಂದು ಕಾನೂನು ಮಾಡಿತು. ನನ್ನ ಹಾಸನದ ಹುಡುಗಿಯನ್ನು ಅವನ ಪಕ್ಕದಲ್ಲಿಟ್ಟು ಹೇಳುತ್ತಿಲ್ಲ, ಆ ಹೋಲಿಕೆ ಅನ್ಯಾಯ. ಆದರೆ ಅರ್ಜಿಯ ಆ ಪ್ರಶ್ನೆಯನ್ನು ಬರೆದವರ ಮನಸ್ಸಿನಲ್ಲಿ ಯಾರು ಯಾರು ಇದ್ದಿರಬಹುದು ಎಂದು ಯೋಚಿಸಿದ ಮೇಲೆ, ಅದನ್ನು ಕಿರುಕುಳ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ವಲಸೆ ಬಂದವರಿಗೆ ಇನ್ನೊಂದು ಅಪಾಯವೂ ಇದೆ, ಅದು ಲೈಸೆನ್ಸಿಗಿಂತ ದೊಡ್ಡದು. ರಾಜ್ಯದ ಕೋರ್ಟು ‘ಶಿಕ್ಷೆಯಾಗಿಲ್ಲ’ ಎಂದರೂ ಅಮೆರಿಕದ ವಲಸೆ ಕಾನೂನು ಹಾಗೆ ನೋಡುವುದಿಲ್ಲ. ತಪ್ಪೊಪ್ಪಿಕೊಂಡಿದ್ದರೆ, ಅದಕ್ಕೆ ಕೋರ್ಟು ಯಾವುದಾದರೂ ಷರತ್ತೋ ನಿರ್ಬಂಧವೋ ಹಾಕಿದ್ದರೆ, 1996ರಿಂದ ಅದು ಶಿಕ್ಷೆಯೇ. ಕಳವು ಅಲ್ಲಿ ನೈತಿಕ ಅಧಃಪತನದ ಅಪರಾಧಗಳ ಸಾಲಿನಲ್ಲಿ ಬರುತ್ತದೆ. ಅವಳ ಕೇಸಿಗೆ ಇರಬಹುದಾದ ಗರಿಷ್ಠ ಶಿಕ್ಷೆ ಒಂದು ವರ್ಷಕ್ಕಿಂತ ಕಡಿಮೆ, ಅಂಥದ್ದು ಮತ್ತೊಂದಿಲ್ಲ, ಆದ್ದರಿಂದ ಸಣ್ಣ ಅಪರಾಧಗಳಿಗೆ ಇರುವ ವಿನಾಯಿತಿ ಅವಳಿಗೆ ಅನ್ವಯಿಸುತ್ತದೆ ಎಂದು ವಲಸೆ ವಕೀಲರು ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಉಸಿರು ಬಿಟ್ಟರು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂಬುದನ್ನು ವಕೀಲರು ಕಕ್ಷಿದಾರರಿಗೆ ಹೇಳಲೇಬೇಕೆಂದು 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಲೈಸೆನ್ಸಿನ ಗತಿ ಏನಾಗುತ್ತದೆ ಎಂದು ನಾವೇ ಕೇಳಬೇಕು. ಕೋರ್ಟಿನಲ್ಲಿ ಸಹಿ ಹಾಕುವ ಮೊದಲು ‘ನಾನು ನರ್ಸ್, ಪರದೇಶದವಳು’ ಎಂಬ ಎರಡೂ ಮಾತನ್ನು ವಕೀಲರಿಗೆ ಹೇಳಬೇಕು. ಅವಳ ಕೇಸಿನಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈ ಬರಹದ ಮೊದಲ ಕರಡನ್ನು ಅವಳಿಗೆ ಕಳಿಸಿದ್ದೆ. ಈಗ ಅವಳು ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುತ್ತಾಳೆ. ನನ್ನೊಡನೆ ಮಾತಾಡುತ್ತಾಳೆ, ಹಬ್ಬಕ್ಕೆ ಬರುತ್ತಾಳೆ, ಆದರೆ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಕರಡಿನಲ್ಲಿ ನಾನು, ಸ್ಕ್ಯಾನ್ ಆಗದ್ದು ಅವಳ ಗಮನಕ್ಕೆ ಬಂದಿರಲಿಲ್ಲ ಎಂದು ಬರೆದಿದ್ದೆ. ಅವಳು ಫೋನ್ ಮಾಡಿದಳು.

“ಅಕ್ಕಾ, ಬರೀರಿ, ನನ್ನ ಹೆಸರು ಮಾತ್ರ ಬೇಡ. ಆದ್ರೆ ಆ ಸ್ಕ್ಯಾನ್ ವಿಷಯ ತೆಗೀರಿ. ನಂಗೆ ಗೊತ್ತಿತ್ತು. ಕದ್ದಿದ್ದು ನಾನೇ. ಬೋರ್ಡಿಗೂ ಹಾಗೇ ಬರ್ದಿದೀನಿ. ಅದೊಂದು ಸಾಲು ಮಾತ್ರ ನಾನೇ ಬರ್ದಿದ್ದು, ನಿಮಗೆ ತೋರಿಸ್ದೆ.”

ತೆಗೆದೆ. ಇಷ್ಟು ವರ್ಷ ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ನಾನು ಹೇಳಿಕೊಂಡು ಬಂದ ಸುಳ್ಳು ಅವಳಿಗೆ ಬೇಕಾಗಿರಲೇ ಇಲ್ಲ. ಅದು ನನಗೆ ಬೇಕಾಗಿತ್ತು.

ನನಗೆ ಫೋನ್ ಮಾಡುವವರಲ್ಲಿ ಊರಿನ ಕೇಸಿದ್ದವರೂ ಇರುತ್ತಾರೆ. ಬೈಕ್ ಅಪಘಾತ, ಜಮೀನಿನ ಜಗಳದಲ್ಲಿ ಹೊಡೆದಾಟ, ಅತ್ತಿಗೆ ಹಾಕಿದ ವರದಕ್ಷಿಣೆ ದೂರಿನಲ್ಲಿ ಮನೆಮಂದಿಯ ಜೊತೆ ಸೇರಿದ ಹೆಸರು. ‘ಅದೆಲ್ಲ ಮುಗಿದಿದೆ’ ಎನ್ನುತ್ತಾರೆ. ಹೇಗೆ ಮುಗಿಯಿತು ಎಂದು ಕೇಳಿದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಮ್ಮ ಕಾನೂನಿನಲ್ಲಿ, ರಾಜಿಗೆ ಅವಕಾಶವಿರುವ ಅಪರಾಧದಲ್ಲಿ ಕೋರ್ಟಿನ ಮುಂದೆ ರಾಜಿಯಾದರೆ ಅದು ಖುಲಾಸೆಗೆ ಸಮ. ಆದರೆ ಅಜಾಗರೂಕ ಚಾಲನೆಯ ಕೇಸಿನಲ್ಲಿ ನ್ಯಾಯಾಧೀಶರ ಮುಂದೆ ‘ತಪ್ಪಾಯ್ತು ಸ್ವಾಮಿ’ ಎಂದು ಒಪ್ಪಿಕೊಂಡು ದಂಡ ಕಟ್ಟಿ ಬಂದರೆ, ಮೊತ್ತ ಎಷ್ಟೇ ಸಣ್ಣದಾಗಿರಲಿ, ಅದು ಶಿಕ್ಷೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರಡಿ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರೂ, ಅಪರಾಧಿ ಎಂಬ ತೀರ್ಪು ಬಂದ ಮೇಲೇ ಹಾಗೆ ಬಿಡುವುದು. ವಕೀಲರ ಗುಮಾಸ್ತರು ‘ಫೈನ್ ಕಟ್ಟಿ ಕ್ಲೋಸ್ ಮಾಡಿಸಿದೀವಿ’ ಎಂದು ಹೇಳಿದ್ದೇ ಇವರಿಗೆ ನೆನಪು. ‘ಎಫ್‌ಬಿಐಗೆ ಊರಿನ ಕೇಸು ಕಾಣಲ್ಲ ಅಲ್ವಾ ಅಕ್ಕಾ’ ಎಂದು ಕೆಲವರು ಕೇಳುತ್ತಾರೆ. ಕಾಣದಿರಬಹುದು. ಬೋರ್ಡ್ ಕೇಳಿರುವುದು ನಿಮಗೆ ಏನಾಗಿತ್ತು ಎಂದು, ತಮಗೆ ಏನು ಕಾಣುತ್ತದೆ ಎಂದಲ್ಲ. ಇಂಗ್ಲೆಂಡಿಗೆ ಹೋಗುವವರಿಗೂ ಇದೇ ಮಾತು ಹೇಳುತ್ತೇನೆ. ಅಲ್ಲಿನ ನರ್ಸುಗಳ ನೀತಿಸಂಹಿತೆಯಲ್ಲಿ ಪೊಲೀಸರು ಕೊಟ್ಟ ಔಪಚಾರಿಕ ಎಚ್ಚರಿಕೆಯನ್ನೂ, ಆರೋಪ ಹೊರಿಸಿದ್ದನ್ನೂ ಆದಷ್ಟು ಬೇಗ ತಿಳಿಸಬೇಕೆಂದಿದೆ, ಶಿಕ್ಷೆಯ ತನಕ ಕಾಯುವಂತಿಲ್ಲ.

ಟೆಕ್ಸಸ್‌ನಲ್ಲಿ ಒಂದು ಒಳ್ಳೆಯ ವ್ಯವಸ್ಥೆಯಿದೆ. ಹಳೆಯ ಕೇಸಿರುವವರು ನರ್ಸಿಂಗ್ ಕಾಲೇಜಿಗೆ ಸೇರುವ ಮೊದಲೇ, ಅಥವಾ ಓದುತ್ತಿರುವಾಗಲೇ, ನನಗೆ ಮುಂದೆ ಲೈಸೆನ್ಸ್ ಸಿಗುತ್ತದೆಯೇ ಎಂದು ಬೋರ್ಡಿಗೆ ಅರ್ಜಿ ಕೊಟ್ಟು ಕೇಳಬಹುದು. ಡಿಕ್ಲರೇಟರಿ ಆರ್ಡರ್ ಎನ್ನುತ್ತಾರೆ. ವರ್ಷಗಟ್ಟಲೆ ಓದಿ, ಸಾಲ ಮಾಡಿ ಫೀಸು ಕಟ್ಟಿ, ಕೊನೆಯಲ್ಲಿ ಬಾಗಿಲು ಮುಚ್ಚಿದೆ ಎಂದು ತಿಳಿಯುವ ಸಂಕಟ ತಪ್ಪುತ್ತದೆ. ಲೈಸೆನ್ಸ್ ಬೇಕಾಗುವ ಕೋರ್ಸುಗಳಿಗೆ ಸೇರುವವರಿಗೆ ಹಳೆಯ ಅಪರಾಧದಿಂದ ತೊಂದರೆಯಾಗಬಹುದು ಎಂದು ಕಾಲೇಜುಗಳೇ ತಿಳಿಸಬೇಕೆಂದು 2017ರಲ್ಲಿ ಇಲ್ಲಿ ಕಾನೂನೂ ಬಂತು. ನಮ್ಮ ಕರ್ನಾಟಕದಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜುಗಳಿವೆ, ಅಲ್ಲಿಂದ ಹೊರದೇಶಕ್ಕೆ ಹೊರಡುವ ಮಕ್ಕಳಿಗೆ ಒಂದು ತರಗತಿ ಈ ವಿಷಯಕ್ಕೆ ಮೀಸಲಿಟ್ಟರೆ ಎಷ್ಟು ಜನ ಉಳಿದುಕೊಳ್ಳುತ್ತಾರೆ.

ಈಚೆಗೆ ತುಮಕೂರಿನ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಐಸಿಯುನಲ್ಲಿ ಒಳ್ಳೆಯ ಅನುಭವವಿದೆ. ವಿದ್ಯಾರ್ಥಿಯಾಗಿದ್ದಾಗ ಬೈಕಿನಿಂದ ಒಬ್ಬರಿಗೆ ಗುದ್ದಿ ಕೇಸಾಗಿತ್ತು, ದಂಡ ಕಟ್ಟಿದ್ದು ನೆನಪು, ರಾಜಿಯೂ ಆಗಿತ್ತು ಅನ್ನಿಸುತ್ತದೆ ಎಂದ. “ಹೌದು ಅಂತ ಹಾಕ್ಲಾ, ಇಲ್ಲ ಅಂತ ಹಾಕ್ಲಾ ಮೇಡಂ?” ಎಂದು ಕೇಳಿದ. ಅದನ್ನು ನಾನು ಹೇಳುವುದಿಲ್ಲ ಎಂದೆ. ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿದ ಮೇಲೆ ಅವನೇ, ಏನಾಯಿತೆಂದು ತನಗೆ ಸರಿಯಾಗಿ ಗೊತ್ತಿಲ್ಲ ಎಂದ. ಹಾಗಾದರೆ ಜೆಎಂಎಫ್‌ಸಿ ಕೋರ್ಟಿನಲ್ಲಿ ಆದೇಶದ ನಕಲಿಗೆ ಅರ್ಜಿ ಹಾಕಿಸು, ಅದನ್ನು ಇಲ್ಲಿನ ಲೈಸೆನ್ಸ್ ವಕೀಲರಿಗೆ ತೋರಿಸು, ನಾನು ಏನಾದರೂ ಹೇಳಿದ್ದೇನೆಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಎಂದೆ. ಅವನ ತಂದೆ ಕೇಸಿನ ನಂಬರ್ ಹುಡುಕುತ್ತಿದ್ದಾರೆ. ನಕಲು ಕೈಗೆ ಬರುವ ತನಕ ಅರ್ಜಿ ಕಳಿಸುವುದಿಲ್ಲವೆಂದು ಅವನು ಒಪ್ಪಿದ್ದಾನೆ.